ಧಾರಾವಾಹಿಯ ಕನ್ನಡಿ ಹಿಡಿದವರು ಯಾರು?

1988ರಲ್ಲಿ ಪಂಜಾಬಿನ ಜಲಂಧರ್ ನಗರದ ಪೌರಕಾರ್ಮಿಕರು ಕಸ ಎತ್ತುವುದನ್ನು ನಿಲ್ಲಿಸಿದರು. ಅವರು ಕೇಳಿದ್ದು ಸಂಬಳವನ್ನಲ್ಲ, ಭತ್ಯೆಯನ್ನೂ ಅಲ್ಲ. ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ಪ್ರಸಾರವಾಗುತ್ತಿದ್ದ ರಮಾನಂದ ಸಾಗರರ ‘ರಾಮಾಯಣ’ ಪಟ್ಟಾಭಿಷೇಕದೊಂದಿಗೆ ಮುಗಿಯಬಾರದು, ಉತ್ತರಕಾಂಡವನ್ನೂ ತೋರಿಸಬೇಕು ಎಂಬುದು ಅವರ ಬೇಡಿಕೆಯಾಗಿತ್ತು. ಆ ಕಾರ್ಮಿಕರಲ್ಲಿ ಹೆಚ್ಚಿನವರು ವಾಲ್ಮೀಕಿಯನ್ನು ತಮ್ಮ ಆರಾಧ್ಯ ಗುರುವೆಂದು ನಂಬಿದವರು. ಕಾಡುಪಾಲಾದ ಸೀತೆಗೆ ವಾಲ್ಮೀಕಿ ಆಶ್ರಯ ಕೊಡುವುದು, ಲವಕುಶರನ್ನು ಬೆಳೆಸುವುದು, ಅವರಿಂದ ರಾಮಕಥೆ ಹಾಡಿಸುವುದು ಎಲ್ಲವೂ ಬರುವುದು ಉತ್ತರಕಾಂಡದಲ್ಲಿ. ಅದನ್ನೇ ಕೈಬಿಟ್ಟರೆ ಕಥೆಯಿಂದ ತಮ್ಮನ್ನೇ ಹೊರಗಿಟ್ಟಂತೆ ಎಂದು ಅವರಿಗೆ ಅನ್ನಿಸಿತು. ಮುಷ್ಕರ ಉತ್ತರ ಭಾರತದ ಇತರ ನಗರಗಳಿಗೂ ಹಬ್ಬಿತು. ಬೀದಿಗಳಲ್ಲಿ ಕಸ ರಾಶಿ ಬಿತ್ತು. ಕಡೆಗೆ ಉತ್ತರ ರಾಮಾಯಣವೂ ಕಿರುತೆರೆಗೆ ಬಂತು.

ಟೀವಿ ಧಾರಾವಾಹಿ ಸಮಾಜದ ಕನ್ನಡಿ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಮಾತು ಸುಳ್ಳಲ್ಲ, ಆದರೆ ಅರ್ಧ ಸತ್ಯ. ಕನ್ನಡಿ ತಾನಾಗಿ ನಿಲ್ಲುವುದಿಲ್ಲ. ಅದನ್ನು ಯಾರೋ ಹಿಡಿದಿರುತ್ತಾರೆ. ಯಾರ ಕಡೆಗೆ ತಿರುಗಿಸಿ ಹಿಡಿದಿದ್ದಾರೆ ಎಂಬುದರ ಮೇಲೆ ಯಾರ ಮುಖ ಕಾಣುತ್ತದೆ ಎಂಬುದು ನಿಂತಿದೆ. ನಮ್ಮ ದೇಶದ ಧಾರಾವಾಹಿಗಳ ನಾಲ್ಕು ದಶಕಗಳ ಇತಿಹಾಸವನ್ನು ನೋಡಿದರೆ, ಈ ಕನ್ನಡಿಯನ್ನು ಹಿಡಿದ ಮೂರು ಕೈಗಳು ಕಾಣುತ್ತವೆ: ಹಣ ಕೊಡುವವರದು, ನೋಡುವವರದು, ನಿಯಂತ್ರಿಸುವವರದು. ಈ ಮೂವರ ಬಲಾಬಲ ಬದಲಾದಾಗಲೆಲ್ಲ ಕಥೆಯೂ ಬದಲಾಗಿದೆ.

ಸರ್ಕಾರದ ಕಥೆ, ಪ್ರಾಯೋಜಕರ ಹಣ

ಭಾರತದಲ್ಲಿ ಟೆಲಿವಿಷನ್ ಪ್ರಯೋಗ ಶುರುವಾದದ್ದು 1959ರ ಸೆಪ್ಟೆಂಬರ್ 15ರಂದು, ದೆಹಲಿಯಲ್ಲಿ. ಅದು ಮನರಂಜನೆಯ ಸಾಧನವೆಂದು ಆಗ ಯಾರೂ ಭಾವಿಸಿರಲಿಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ಅಮೆರಿಕದ ಉಪಗ್ರಹವೊಂದರ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳನ್ನು ತಲುಪಿಸಲಾಯಿತು. ಕರ್ನಾಟಕದ ಗುಲ್ಬರ್ಗ, ರಾಯಚೂರು, ವಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿದ್ದವು. ಊರಿಗೊಂದೇ ಪೆಟ್ಟಿಗೆ, ಅದರ ಮುಂದೆ ಊರೇ ಕೂರುತ್ತಿತ್ತು. ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ಮಕ್ಕಳ ಶಿಕ್ಷಣ ಇವೇ ಅಂದಿನ ವಿಷಯಗಳು. ಜನ ಏನು ಬಯಸುತ್ತಾರೆ ಎಂಬುದಕ್ಕಿಂತ ಜನರಿಗೆ ಏನು ಬೇಕು ಎಂಬುದನ್ನು ಸರ್ಕಾರವೇ ತೀರ್ಮಾನಿಸುತ್ತಿದ್ದ ಕಾಲ ಅದು.

ಮೊದಲ ದೊಡ್ಡ ಧಾರಾವಾಹಿ ‘ಹಮ್ ಲೋಗ್’ ಹುಟ್ಟಿದ್ದೂ ಇದೇ ಉದ್ದೇಶದಿಂದ. ಮೆಕ್ಸಿಕೋ ದೇಶದಲ್ಲಿ ಮಿಗುಯೆಲ್ ಸಬಿಡೋ ಎಂಬಾತ ಕುಟುಂಬ ಯೋಜನೆಯಂಥ ಸಂದೇಶಗಳನ್ನು ಕಣ್ಣೀರಿನ ಕಥೆಗಳಲ್ಲಿ ಬೆರೆಸಿ ಯಶಸ್ವಿಯಾಗಿದ್ದ. ಆ ಮಾದರಿಯನ್ನು ನಮ್ಮಲ್ಲೂ ತರಬೇಕೆಂದು ಸರ್ಕಾರ ನಿರ್ಧರಿಸಿತು. ಮನೋಹರ ಶ್ಯಾಮ ಜೋಶಿ ಬರೆದರು. 1984ರ ಜುಲೈನಿಂದ 1985ರ ಡಿಸೆಂಬರ್‌ವರೆಗೆ ಧಾರಾವಾಹಿ ನಡೆಯಿತು. ಪ್ರತಿ ಕಂತಿನ ಕೊನೆಗೆ ಹಿರಿಯ ನಟ ಅಶೋಕ್ ಕುಮಾರ್ ತೆರೆಯ ಮೇಲೆ ಬಂದು ಎರಡು ಮಾತು ಬುದ್ಧಿ ಹೇಳುತ್ತಿದ್ದರು. ಹಣ ಹಾಕಿದ್ದು ಆಗಷ್ಟೇ ನಮ್ಮ ಮಾರುಕಟ್ಟೆಗೆ ಬಂದಿದ್ದ ಮ್ಯಾಗಿ ನೂಡಲ್ಸ್‌ನ ಕಂಪನಿ. ಸರ್ಕಾರದ ಸಂದೇಶ, ಖಾಸಗಿ ಕಂಪನಿಯ ಹಣ ಒಂದೇ ಅರ್ಧ ಗಂಟೆಯಲ್ಲಿ ಕೂಡಿಕೊಂಡ ಪ್ರಸಂಗ ಇದು.

ಆರಂಭದ ಕಂತುಗಳಲ್ಲಿ ಉಪದೇಶದ ಭಾರ ಹೆಚ್ಚಾಯಿತೆಂದು ಜನ ಬೇಸರಪಟ್ಟರು. ಕುಟುಂಬ ಯೋಜನೆಯ ಮಾತು ಹಿಂದೆ ಸರಿದು, ಬಡ್ಕಿ, ಮಝಲಿ, ಛುಟ್ಕಿ, ಲಲ್ಲೂ, ನನ್ಹೆ ಇವರ ಮದುವೆ, ಓದು, ಕೆಲಸಗಳ ಚಿಂತೆ ಮುಂದೆ ಬಂತು. ಕೆಳ ಮಧ್ಯಮ ವರ್ಗದ ಮನೆಯೊಂದನ್ನು ದೇಶ ಮೊದಲ ಬಾರಿಗೆ ವಾರ ವಾರ ಹತ್ತಿರದಿಂದ ಕಂಡಿತು. ಲಕ್ಷಗಟ್ಟಲೆ ಪತ್ರಗಳು ಬಂದವು. ಈ ಧಾರಾವಾಹಿಯ ಪರಿಣಾಮವನ್ನು ಅಧ್ಯಯನ ಮಾಡಿದ ಅರವಿಂದ ಸಿಂಘಾಲ್ ಮತ್ತು ಎವರೆಟ್ ರೋಜರ್ಸ್ ಒಂದು ಕುತೂಹಲದ ಸಂಗತಿಯನ್ನು ದಾಖಲಿಸಿದ್ದಾರೆ. ಎಲ್ಲವನ್ನೂ ಸಹಿಸಿಕೊಂಡು ಮನೆ ನಡೆಸುವ ತಾಯಿ ಭಾಗವಂತಿಯ ಪಾತ್ರವನ್ನು, ಹೆಣ್ಣು ಹೀಗೆ ಬಾಳಬಾರದು ಎಂದು ತೋರಿಸಲು ರೂಪಿಸಲಾಗಿತ್ತು. ಆದರೆ ನೋಡುಗರಲ್ಲಿ ಅನೇಕರು ಆಕೆಯನ್ನೇ ಆದರ್ಶವೆಂದು ಒಪ್ಪಿಕೊಂಡರು. ಬರೆಯುವವರು ಒಂದು ಅರ್ಥದಲ್ಲಿ ಬರೆದದ್ದನ್ನು ಮನೆಯಲ್ಲಿ ಕೂತವರು ಇನ್ನೊಂದು ಅರ್ಥದಲ್ಲಿ ಓದಿಕೊಳ್ಳಬಹುದು ಎಂಬ ಪಾಠ ಆಗಲೇ ಸಿಕ್ಕಿತ್ತು.

ಆ ವರ್ಷಗಳಲ್ಲಿ ಒಂದೇ ವಾಹಿನಿ. ಕಥೆಯ ಸಾರಾಂಶ ಮತ್ತು ಮಾದರಿ ಕಂತನ್ನು ದೂರದರ್ಶನಕ್ಕೆ ಒಪ್ಪಿಸಿ, ಅಲ್ಲಿನ ಸಮಿತಿಯ ಅನುಮತಿ ಪಡೆದ ಮೇಲೆಯೇ ಪ್ರಸಾರ. ಸಾಮಾನ್ಯವಾಗಿ ಸಿಗುತ್ತಿದ್ದುದು ಹದಿಮೂರು ಕಂತುಗಳ ಅವಕಾಶ. ಈ ಇಕ್ಕಟ್ಟಿನಲ್ಲೂ ಬಂದ ವೈವಿಧ್ಯ ಆಶ್ಚರ್ಯಕರವಾದದ್ದು. ಬಾಸು ಚಟರ್ಜಿ ಅವರ ‘ರಜನಿ’ಯಲ್ಲಿ ಪ್ರಿಯಾ ತೆಂಡೂಲ್ಕರ್ ಗ್ಯಾಸ್ ಸಿಲಿಂಡರ್ ವಿತರಕರ ಜತೆ, ಟ್ಯಾಕ್ಸಿ ಚಾಲಕರ ಜತೆ ಜಗಳಕ್ಕೆ ನಿಂತರು, ಮುಂಬಯಿಯ ಟ್ಯಾಕ್ಸಿ ಚಾಲಕರು ಪ್ರತಿಭಟನೆಗೆ ಇಳಿದರು. ಆರ್.ಕೆ. ನಾರಾಯಣರ ಮಾಲ್ಗುಡಿಯನ್ನು ಶಂಕರ್ ನಾಗ್ ಆಗುಂಬೆಯಲ್ಲಿ ಕಟ್ಟಿದರು. ದಕ್ಷಿಣದ ಒಂದು ಸಣ್ಣ ಊರಿನ ಅಂಗಳ, ಜಗುಲಿ, ಮಳೆ ಹಿಂದಿಯಲ್ಲಿ ದೇಶದ ಮನೆಮನೆಗೆ ಹೋದವು. ಆಯ್ಕೆಗೆ ಒಂದೇ ವಾಹಿನಿ ಇದ್ದುದರಿಂದ ಯಾವ ಕಥೆ ಬಂದರೂ ಅದನ್ನು ಎಲ್ಲರೂ ನೋಡುತ್ತಿದ್ದರು. ಆದ್ದರಿಂದಲೇ ಅದರಲ್ಲಿ ತಮಗೆ ಸ್ಥಳವಿಲ್ಲ ಎಂಬ ನೋವು ಜಲಂಧರ್‌ನ ಬೀದಿಗೂ ಇಳಿಯಿತು.

ನ್ಯಾಯಾಲಯದ ಮೆಟ್ಟಿಲು

ಜಲಂಧರ್ ಮುಷ್ಕರದ ವರ್ಷವೇ ಇನ್ನೊಂದು ಧಾರಾವಾಹಿ ಸುಪ್ರೀಂ ಕೋರ್ಟ್ ತನಕ ಹೋಯಿತು. ಭೀಷ್ಮ ಸಾಹನಿ ಅವರ ದೇಶವಿಭಜನೆಯ ಕಾದಂಬರಿಯನ್ನು ಆಧರಿಸಿ ಗೋವಿಂದ ನಿಹಲಾನಿ ಮಾಡಿದ ‘ತಮಸ್’ 1988ರ ಜನವರಿಯಲ್ಲಿ ಪ್ರಸಾರವಾಗತೊಡಗಿತು. ಇದು ಕೋಮುದ್ವೇಷ ಕೆರಳಿಸುತ್ತದೆಂದು ಮುಂಬಯಿ ಹೈಕೋರ್ಟಿನಲ್ಲಿ ಅರ್ಜಿ ಬಿತ್ತು, ತಡೆಯಾಜ್ಞೆಯೂ ಬಂತು. ನ್ಯಾಯಮೂರ್ತಿ ಲೆಂಟಿನ್ ಮತ್ತು ನ್ಯಾಯಮೂರ್ತಿ ಸುಜಾತಾ ಮನೋಹರ್ ಅವರ ಪೀಠ ಧಾರಾವಾಹಿಯನ್ನು ಪೂರ್ತಿ ನೋಡಿ ತಡೆಯನ್ನು ತೆರವುಗೊಳಿಸಿತು. ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಪ್ರಸಾರದ ಪರವಾಗಿಯೇ ತೀರ್ಪಿತ್ತಿತು. ಎಲ್ಲದರಲ್ಲೂ ಅಪಾಯವನ್ನೇ ಕಾಣುವ ಅಳ್ಳೆದೆಯವರ ಅಳತೆಯಿಂದ ಕೃತಿಯನ್ನು ತೂಗಬಾರದು, ವಿವೇಕವೂ ಧೈರ್ಯವೂ ಇರುವ ಸಾಮಾನ್ಯ ಮನುಷ್ಯನ ಅಳತೆಯಿಂದ ತೂಗಬೇಕು ಎಂಬುದು ಆ ತೀರ್ಪಿನ ತಿರುಳು. ಹಿಂದಿನ ತಪ್ಪುಗಳನ್ನು ತೋರಿಸುವುದೇ ಅವು ಮರುಕಳಿಸದಂತೆ ಎಚ್ಚರಿಸುವ ದಾರಿ ಎಂಬುದನ್ನೂ ನ್ಯಾಯಾಲಯ ಒಪ್ಪಿತು.

ಅದೇ ವರ್ಷ ‘ಹೋನಿ ಅನಹೋನಿ’ ಎಂಬ ಧಾರಾವಾಹಿ ಮೂಢನಂಬಿಕೆ ಹರಡುತ್ತದೆಂಬ ದೂರೂ ಸುಪ್ರೀಂ ಕೋರ್ಟ್ ಮುಟ್ಟಿತು. ಹೈಕೋರ್ಟ್ ಕೊಟ್ಟಿದ್ದ ತಡೆಯನ್ನು ಅಲ್ಲಿ ರದ್ದುಮಾಡಲಾಯಿತು. ದೂರದರ್ಶನದಲ್ಲಿ ತನ್ನ ಕೃತಿಯನ್ನು ತೋರಿಸುವುದೂ ವಾಕ್ ಸ್ವಾತಂತ್ರ್ಯದ ಭಾಗ, ಅದರಿಂದ ಸಮಾಜಕ್ಕೆ ಹಾನಿಯೆಂದು ಸುಮ್ಮನೆ ಹೇಳಿದರೆ ಸಾಲದು ಎಂಬುದು ಆ ತೀರ್ಪಿನ ನಿಲುವು.

ಈ ಎರಡೂ ಪ್ರಕರಣಗಳಲ್ಲಿ ಒಂದು ಸಂಗತಿ ಗಮನಾರ್ಹ. ನಿಯಂತ್ರಕ ಎಂದರೆ ಸೆನ್ಸಾರ್ ಮಂಡಳಿ ಅಥವಾ ಮಂತ್ರಿ ಎಂದಷ್ಟೇ ನಾವು ಭಾವಿಸುತ್ತೇವೆ. ಇಲ್ಲಿ ನಿಷೇಧ ಕೇಳಿದವರು ಪ್ರೇಕ್ಷಕರ ನಡುವಿನಿಂದಲೇ ಬಂದರು. ಪ್ರಸಾರವನ್ನು ಉಳಿಸಿದ್ದು ನ್ಯಾಯಾಲಯ.

ಎಣಿಕೆಗೆ ಸಿಕ್ಕ ಮನೆಗಳು

1991ರ ಕೊಲ್ಲಿ ಯುದ್ಧದ ಕಾಲದಲ್ಲಿ ವಿದೇಶಿ ವಾಹಿನಿಗಳು ಡಿಶ್ ಆಂಟೆನಾದ ಮೂಲಕ ಇಳಿದವು. ಬೀದಿಬೀದಿಯಲ್ಲಿ ಕೇಬಲ್ ಆಪರೇಟರ್ ಕಂಬದಿಂದ ಕಂಬಕ್ಕೆ ತಂತಿ ಎಳೆದ. 1992ರಲ್ಲಿ ಜೀ ಟಿವಿ, 1994ರಲ್ಲಿ ಕನ್ನಡದ ಉದಯ ಟಿವಿ ಬಂದವು. 1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್, ಪ್ರಸಾರದ ತರಂಗಗಳು ಸಾರ್ವಜನಿಕರ ಆಸ್ತಿ, ಸರ್ಕಾರದ ಏಕಸ್ವಾಮ್ಯವಲ್ಲ ಎಂದು ಹೇಳಿತು. ಅದೇ ವರ್ಷ ಕೇಬಲ್ ಟೆಲಿವಿಷನ್ ಜಾಲಗಳ ನಿಯಂತ್ರಣ ಕಾಯ್ದೆಯೂ ಬಂತು.

ಕಾಯ್ದೆ ಬಂದರೂ ಪೂರ್ವಾನುಮತಿಯ ಪದ್ಧತಿ ಖಾಸಗಿ ವಾಹಿನಿಗಳಿಗೆ ಅನ್ವಯಿಸಲಿಲ್ಲ. ಸಿನಿಮಾಕ್ಕೆ ಪ್ರಮಾಣಪತ್ರ ಬೇಕು, ಧಾರಾವಾಹಿಗೆ ಬೇಡ. ‘ಕಾರ್ಯಕ್ರಮ ಸಂಹಿತೆ’ಯನ್ನು ಪಾಲಿಸಿದರಾಯಿತು. ಸಭ್ಯತೆ ಮೀರಬಾರದು, ಧರ್ಮಗಳನ್ನು ನಿಂದಿಸಬಾರದು, ಹೆಂಗಸರನ್ನು ಹೀನಾಯವಾಗಿ ತೋರಿಸಬಾರದು, ಮೂಢನಂಬಿಕೆಗೆ ಉತ್ತೇಜನ ಕೊಡಬಾರದು ಎಂದೆಲ್ಲ ಅದರಲ್ಲಿದೆ. ಆ ಸಂಹಿತೆ ಜಾರಿಯಲ್ಲಿದ್ದಾಗಲೇ 2015-16ರ ಸುಮಾರಿಗೆ ಹಿಂದಿಯಲ್ಲೂ ಕನ್ನಡದಲ್ಲೂ ನಾಗಿನಿಯರು ಕಿರುತೆರೆ ತುಂಬಿದರು. ಕಾಲ್ಪನಿಕ ಕಥೆ ಎಂಬ ಒಂದು ಸಾಲಿನ ಪ್ರಕಟಣೆ ಅವರಿಗೆ ರಕ್ಷೆಯಾಯಿತು.

ನಿಯಮ ಸಡಿಲವಾದೆಡೆ ನಿಜವಾದ ಹಿಡಿತ ಇನ್ನೊಂದು ಕೈಗೆ ಹೋಯಿತು. ಅದರ ಹೆಸರು ಟಿಆರ್‌ಪಿ. ಆಯ್ದ ಕೆಲವು ಮನೆಗಳ ಟೀವಿಗೆ ಒಂದು ಮೀಟರ್ ಜೋಡಿಸುತ್ತಾರೆ. ಮನೆಯಲ್ಲಿ ಯಾರು ಯಾವ ವಾಹಿನಿಯನ್ನು ಎಷ್ಟು ಹೊತ್ತು ನೋಡಿದರು ಎಂಬುದು ದಾಖಲಾಗುತ್ತದೆ. ಆ ಕೆಲವು ಮನೆಗಳ ಲೆಕ್ಕದಿಂದ ಇಡೀ ದೇಶದ ಅಭಿರುಚಿಯನ್ನು ಅಂದಾಜು ಮಾಡುತ್ತಾರೆ. ಜಾಹೀರಾತಿನ ದರ ನಿಲ್ಲುವುದು ಈ ಅಂಕಿಯ ಮೇಲೆ. ಗಂಟೆಗೆ ಹನ್ನೆರಡು ನಿಮಿಷಕ್ಕಿಂತ ಹೆಚ್ಚು ಜಾಹೀರಾತು ಹಾಕಬಾರದೆಂಬ ನಿಯಮವಿರುವುದರಿಂದ, ಆ ಹನ್ನೆರಡು ನಿಮಿಷಗಳನ್ನು ಆದಷ್ಟು ದುಬಾರಿಗೆ ಮಾರುವುದೇ ವಾಹಿನಿಯ ಚಿಂತೆ.

2000ದ ಜುಲೈನಲ್ಲಿ ಆರಂಭವಾಗಿ 2008ರವರೆಗೆ ನಡೆದ ‘ಕ್ಯೂಂಕಿ ಸಾಸ್ ಭೀ ಕಭೀ ಬಹೂ ಥೀ’ ಈ ಯುಗದ ಹೆಗ್ಗುರುತು. 1,800ಕ್ಕೂ ಹೆಚ್ಚು ಕಂತುಗಳಾದವು. ಕಥೆಯಲ್ಲಿ ಸತ್ತ ಮಿಹಿರ್‌ಗಾಗಿ ನೋಡುಗರು ಗೋಳಾಡಿದ್ದರಿಂದ ಅವನನ್ನು ಮತ್ತೆ ಬದುಕಿಸಬೇಕಾಯಿತು. ‘ರಜನಿ’ ಬೀದಿಗಿಳಿದು ಜಗಳವಾಡಿದ್ದಳು. ಹದಿನೈದು ವರ್ಷಗಳ ನಂತರ ನಾಯಕಿ ಬಂಗಲೆಯೊಳಗೆ ಜರಿಸೀರೆ ಉಟ್ಟು ಅತ್ತೆ, ಓರಗಿತ್ತಿಯರ ನಡುವೆ ನಿಂತಿದ್ದಳು. ಸಮಾಜ ಹಿಂದಕ್ಕೆ ಹೋದದ್ದೇ ಇದಕ್ಕೆ ಕಾರಣವೆಂದು ಹೇಳಿದರೆ ಅವಸರದ ಮಾತಾದೀತು. ಅದೇ ವರ್ಷಗಳಲ್ಲಿ ಹೆಣ್ಣುಮಕ್ಕಳು ಹೆಚ್ಚು ಹೆಚ್ಚಾಗಿ ಓದುತ್ತಿದ್ದರು, ಕೆಲಸಕ್ಕೂ ಹೋಗುತ್ತಿದ್ದರು. ತಯಾರಿಕೆಯ ಲೆಕ್ಕಾಚಾರವನ್ನೂ ನೋಡಬೇಕು. ದಿನಕ್ಕೊಂದು ಕಂತು ಕೊಡಬೇಕಾದವರು ಬೀದಿ, ಕಚೇರಿ, ಮಾರುಕಟ್ಟೆಗಳಲ್ಲಿ ಚಿತ್ರೀಕರಿಸುತ್ತ ಕೂರಲಾರರು. ಒಂದು ಮನೆ, ಒಂದು ಹಜಾರ, ಒಂದು ಮೆಟ್ಟಿಲುಸಾಲು ಇದ್ದರೆ ವರ್ಷಗಟ್ಟಲೆ ಸಾಗುತ್ತದೆ. ಒಬ್ಬೊಬ್ಬರ ಮುಖವನ್ನೂ ಮೂರು ಮೂರು ಬಾರಿ ತೋರಿಸಿದರೆ ಕಂತು ತುಂಬುತ್ತದೆ. ಕಥೆ ಮನೆಯೊಳಗೇ ಸುತ್ತುವುದರಲ್ಲಿ ಸಂಪ್ರದಾಯದ ಪಾಲೆಷ್ಟೋ, ಖರ್ಚಿನ ಪಾಲೂ ಅಷ್ಟೇ ಇದೆ.

ಕನ್ನಡದಲ್ಲಿ ಬೇರೆ ದಾರಿಯೂ ಇತ್ತು. 1998ರಲ್ಲಿ ದೂರದರ್ಶನದಲ್ಲಿ ಬಂದ ಟಿ.ಎನ್. ಸೀತಾರಾಂ ಅವರ ‘ಮಾಯಾಮೃಗ’ ದಿನನಿತ್ಯದ ಧಾರಾವಾಹಿಯೂ ಮಧ್ಯಮ ವರ್ಗದ ಮನೆಯ ನಿಜವಾದ ಮಾತುಕತೆಯನ್ನು ಹಿಡಿಯಬಲ್ಲದೆಂದು ತೋರಿಸಿತು. ಅವರ ಮುಂದಿನ ಧಾರಾವಾಹಿಗಳಲ್ಲಿ ನ್ಯಾಯಾಲಯ, ರಾಜಕಾರಣ ಬಂದವು. ಗಿರೀಶ ಕಾಸರವಳ್ಳಿ ಭೈರಪ್ಪನವರ ‘ಗೃಹಭಂಗ’ವನ್ನು ಕಿರುತೆರೆಗೆ ತಂದರು. ವೈಶಾಲಿ ಕಾಸರವಳ್ಳಿ ಅವರ ‘ಮೂಡಲ ಮನೆ’ಯಲ್ಲಿ ಉತ್ತರ ಕರ್ನಾಟಕದ ಮಾತು ಹಾಸ್ಯಕ್ಕಾಗಿ ಬರದೆ, ಸುಖದುಃಖದ ಮಾತಾಗಿ ಬಂತು.

ಅಳೆಯುವ ಮೀಟರ್ ಯಾರ ಮನೆಯಲ್ಲಿದೆ ಎಂಬ ಪ್ರಶ್ನೆಗೆ 2015ರಲ್ಲಿ ದೊಡ್ಡ ಉತ್ತರ ಸಿಕ್ಕಿತು. ಅಲ್ಲಿಯವರೆಗೆ ಟ್ಯಾಮ್ ಸಂಸ್ಥೆ ಎಣಿಸುತ್ತಿದ್ದುದು ನಗರ, ಪಟ್ಟಣಗಳ ಮನೆಗಳನ್ನು. ಆ ವರ್ಷ ಬಂದ ಬಾರ್ಕ್ ಅಕ್ಟೋಬರ್‌ನಿಂದ ಹಳ್ಳಿಗಳ ಲೆಕ್ಕವನ್ನೂ ಪ್ರಕಟಿಸತೊಡಗಿತು. ಹಿಂದಿ ವಾಹಿನಿಗಳ ಪಟ್ಟಿ ತಲೆಕೆಳಗಾಯಿತು. ಹಳೆಯ ಧಾರಾವಾಹಿಗಳನ್ನು ಉಚಿತವಾಗಿ ಮರುಪ್ರಸಾರ ಮಾಡುತ್ತಿದ್ದ ವಾಹಿನಿಗಳು ಮೇಲಕ್ಕೇರಿದವು. ಹಳ್ಳಿಯವರು ಅಷ್ಟು ವರ್ಷವೂ ಟೀವಿ ನೋಡುತ್ತಿದ್ದರು. ಲೆಕ್ಕದಲ್ಲಿ ಮಾತ್ರ ಇರಲಿಲ್ಲ. ಕನ್ನಡದಲ್ಲಿ 2021ರ ಕೊನೆಯಲ್ಲಿ ಆರಂಭವಾದ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯಲ್ಲಿ ಉಮಾಶ್ರೀ ಮಾಡಿದ ಪಾತ್ರವನ್ನು ನೋಡಿ. ಗಂಡುಮಗು ಹೆರಲಿಲ್ಲವೆಂದು ಗಂಡ ಬಿಟ್ಟುಹೋದ ಹೆಂಗಸು ಊಟದ ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಸಾಕುತ್ತಾಳೆ. ಜರಿಸೀರೆಯ ಬಂಗಲೆಯಿಂದ ಕಥೆ ಒಲೆಯ ಮುಂದೆ ದುಡಿಯುವ ಹೆಂಗಸಿನ ಬಳಿಗೆ ಬಂತು, ಜನಪ್ರಿಯತೆಯ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೂ ಏರಿತು. ಇದಕ್ಕೆ ಎಣಿಕೆಯೊಂದೇ ಕಾರಣವೆನ್ನಲಾಗದು. ಆದರೆ ಎಣಿಕೆಗೆ ಸಿಗದವರ ಕಥೆಗೆ ಹಣ ಹಾಕುವವರು ಕಡಿಮೆ ಎಂಬುದಂತೂ ನಿಜ.

ಒಂದೇ ವಿಷಯ, ಎರಡು ಗತಿ

ಈ ನಡುವೆ ನಿಯಂತ್ರಣದ ರೂಪವೂ ಬದಲಾಯಿತು. 2011ರಲ್ಲಿ ಪ್ರಸಾರಕರ ಒಕ್ಕೂಟವೇ ನ್ಯಾಯಮೂರ್ತಿ ಎ.ಪಿ. ಶಾ ಅವರ ಅಧ್ಯಕ್ಷತೆಯಲ್ಲಿ ದೂರು ವಿಚಾರಣೆಗೆ ಒಂದು ಮಂಡಳಿ ರಚಿಸಿತು. ಸರ್ಕಾರ ಕತ್ತರಿ ಹಿಡಿಯುವ ಮೊದಲು ತಾವೇ ತಿದ್ದಿಕೊಳ್ಳುವುದು ಇದರ ಉದ್ದೇಶ. 2021ರಲ್ಲಿ ನಿಯಮ ತಿದ್ದಿ, ಮೊದಲು ವಾಹಿನಿ, ಆಮೇಲೆ ಸ್ವನಿಯಂತ್ರಣ ಮಂಡಳಿ, ಕೊನೆಗೆ ಸರ್ಕಾರ ಎಂಬ ಮೂರು ಮೆಟ್ಟಿಲುಗಳಿಗೆ ಕಾನೂನಿನ ಮುದ್ರೆ ಒತ್ತಲಾಯಿತು.

ಬಾಲ್ಯವಿವಾಹದ ಎರಡು ಧಾರಾವಾಹಿಗಳು ಈ ಬದಲಾವಣೆಯನ್ನು ಚೆನ್ನಾಗಿ ವಿವರಿಸುತ್ತವೆ. 2008ರಲ್ಲಿ ಶುರುವಾದ ‘ಬಾಲಿಕಾ ವಧು’ ರಾಜಸ್ಥಾನದ ಪುಟ್ಟ ಹುಡುಗಿಯೊಬ್ಬಳ ಮದುವೆಯ ಕಥೆ. ಅನಿಷ್ಟ ಪದ್ಧತಿಯನ್ನು ತೋರಿಸುವ ನೆಪದಲ್ಲಿ ಅದನ್ನೇ ಅಂದಗೊಳಿಸಲಾಗುತ್ತಿದೆ ಎಂಬ ಆಕ್ಷೇಪ 2009ರಲ್ಲಿ ಲೋಕಸಭೆಯಲ್ಲಿ ಕೇಳಿಬಂತು. ಆದರೂ ಅದು 2016ರವರೆಗೆ ನಡೆಯಿತು. ಕನ್ನಡದಲ್ಲಿ ‘ಪುಟ್ಟಗೌರಿ ಮದುವೆ’ಯಾಯಿತು. 2017ರಲ್ಲಿ ‘ಪೆಹರೇದಾರ್ ಪಿಯಾ ಕಿ’ ಎಂಬ ಧಾರಾವಾಹಿಯಲ್ಲಿ ಒಂಬತ್ತು ವರ್ಷದ ಹುಡುಗನಿಗೂ ಹದಿನೆಂಟರ ಹುಡುಗಿಗೂ ಮದುವೆ ಮಾಡಿಸಿ ಅದಕ್ಕೆ ಪ್ರಣಯದ ಬಣ್ಣ ಬಳಿಯಲಾಯಿತು. ವೀಕ್ಷಕರು ಸಾವಿರಾರು ಸಹಿಗಳ ಮನವಿಯೊಂದಿಗೆ ಎದ್ದರು. ರಾತ್ರಿ ಹತ್ತೂವರೆಯ ನಂತರ ಪ್ರಸಾರ ಮಾಡುವಂತೆ ಮಂಡಳಿ ಹೇಳಿತು. ಕೆಲವೇ ವಾರಗಳಲ್ಲಿ ವಾಹಿನಿ ಅದನ್ನು ನಿಲ್ಲಿಸಿತು. ವಿಷಯ ಒಂದೇ ಆದರೂ, ಹೇಳುವವರು ಯಾರ ಪಕ್ಷದಲ್ಲಿ ನಿಂತಿದ್ದಾರೆ ಎಂಬುದನ್ನು ಪ್ರೇಕ್ಷಕರು ಗುರುತಿಸಿದ್ದರು.

ಕನ್ನಡದ ಬೇಲಿ, ಕನ್ನಡದ ಬಾಗಿಲು

ಕರ್ನಾಟಕದಲ್ಲಿ ಯಾವ ಕಾಯ್ದೆಯಲ್ಲೂ ಇಲ್ಲದ ಇನ್ನೊಂದು ನಿಯಂತ್ರಣವಿತ್ತು: ಡಬ್ಬಿಂಗ್ ನಿಷೇಧ. ಕನ್ನಡ ಚಿತ್ರರಂಗವನ್ನು ಉಳಿಸಲು ಅರವತ್ತರ ದಶಕದಲ್ಲಿ ಎದ್ದ ಚಳವಳಿಯ ಫಲ ಅದು. ಕಲಾವಿದರ, ತಂತ್ರಜ್ಞರ ಅನ್ನದ ಪ್ರಶ್ನೆ ಅದರಲ್ಲಿತ್ತು. ಅದನ್ನು ಹಗುರಾಗಿ ಕಾಣುವಂತಿಲ್ಲ. ಕಿರುತೆರೆಗೂ ಅದು ಹಬ್ಬಿದ್ದರಿಂದ ವಾಹಿನಿಗಳು ಬೇರೆ ಭಾಷೆಯ ಕಥೆಗಳನ್ನು ಕೊಂಡು ಕನ್ನಡದಲ್ಲಿ ಮರುನಿರ್ಮಾಣ ಮಾಡಿದವು. ಮಾತು, ಮುಖ ಕನ್ನಡದವಾದವು. ಕಥೆ ಮಾತ್ರ ಎರವಲಿನದಾಗಿ ಉಳಿಯಿತು. 2015ರಲ್ಲಿ ಭಾರತದ ಸ್ಪರ್ಧಾ ಆಯೋಗ ಈ ನಿರ್ಬಂಧವನ್ನು ಕಾನೂನುಬಾಹಿರವೆಂದಿತು. 2017ರಲ್ಲಿ ಬಂಗಾಳಿಗೆ ಡಬ್ ಆದ ‘ಮಹಾಭಾರತ’ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಇದೇ ನಿಲುವು ತಾಳಿತು.

ತೀರ್ಪು ಬಂದರೂ ಕನ್ನಡ ಕಿರುತೆರೆಯಲ್ಲಿ ಬೇಲಿ ಸುಲಭವಾಗಿ ಬೀಳಲಿಲ್ಲ, ಬಿದ್ದದ್ದು ಸಾಂಕ್ರಾಮಿಕದಿಂದ. 2020ರ ಮಾರ್ಚ್‌ನಲ್ಲಿ ಕೊರೊನಾ ಕಾರಣಕ್ಕೆ ಚಿತ್ರೀಕರಣ ನಿಂತಿತು. ದೂರದರ್ಶನ ಹಳೆಯ ‘ರಾಮಾಯಣ’ವನ್ನು ಮರುಪ್ರಸಾರ ಮಾಡಿತು. ಹೊಸ ಕಂತುಗಳಿಲ್ಲದ ಕನ್ನಡ ವಾಹಿನಿಗಳು ಡಬ್ ಆದ ಪೌರಾಣಿಕ ಧಾರಾವಾಹಿಗಳನ್ನು ತಂದವು. ಜುಲೈನಲ್ಲಿ ಜೀ ಕನ್ನಡದಲ್ಲಿ ಅಂಬೇಡ್ಕರ್ ಜೀವನದ ಧಾರಾವಾಹಿ ‘ಮಹಾನಾಯಕ’ ಬಂತು.

ಅದರ ನಂತರ ನಡೆದದ್ದನ್ನು ಯಾವ ಮೀಟರೂ ಊಹಿಸಿರಲಿಲ್ಲ. ಕರ್ನಾಟಕದ ಹಳ್ಳಿಹಳ್ಳಿಗಳಲ್ಲಿ, ದಲಿತ ಕೇರಿಗಳಲ್ಲಿ ಯುವಕರು ‘ಮಹಾನಾಯಕ’ನಿಗೆ ಸ್ವಾಗತ ಕೋರಿ ಫ್ಲೆಕ್ಸ್ ನಿಲ್ಲಿಸಿದರು. ಸಿನಿಮಾ ನಾಯಕರಿಗೆ, ರಾಜಕಾರಣಿಗಳಿಗೆ ಸಿಗುತ್ತಿದ್ದ ಜಾಗದಲ್ಲಿ ಒಂದು ಧಾರಾವಾಹಿಯ ಚಿತ್ರ ನಿಂತಿತು. ಪ್ರಸಾರ ನಿಲ್ಲಿಸಬೇಕೆಂದು ಬೆದರಿಕೆಯ ಕರೆಗಳು ಬರುತ್ತಿವೆಯೆಂದು ವಾಹಿನಿಯ ಮುಖ್ಯಸ್ಥರು ಬಹಿರಂಗವಾಗಿ ಹೇಳಿದರು. ಪ್ರಸಾರ ಮಾತ್ರ ನಿಲ್ಲಲಿಲ್ಲ. ತರಗತಿಯ ಹೊರಗೆ ಕೂತು ಪಾಠ ಕೇಳುವ, ನೀರಿನ ಲೋಟ ಮುಟ್ಟಲಾಗದ ಬಾಲಕ ಭೀಮನನ್ನು ಎಲ್ಲ ಜಾತಿಯ ಮನೆಗಳವರೂ ನೋಡಿದರು. ಕನ್ನಡವನ್ನು ಕಾಯಲು ಹಾಕಿದ್ದ ಬೇಲಿ ತೆರೆದಾಗ ಒಳಗೆ ಬಂದವರಲ್ಲಿ, ಕನ್ನಡದ ಧಾರಾವಾಹಿಗಳು ಅಷ್ಟು ವರ್ಷ ಮುಖ್ಯಪಾತ್ರವಾಗಿ ಕಾಣದಿದ್ದ ಒಬ್ಬ ಮಗುವೂ ಇದ್ದ. ಇದು ನಮ್ಮ ಕಥೆಗಾರರು ಯೋಚಿಸಬೇಕಾದ ಸಂಗತಿ.

2021ರ ಫೆಬ್ರವರಿಯ ನಿಯಮಗಳು ಅಂತರಜಾಲದ ಸರಣಿಗಳಿಗೂ ವಯಸ್ಸಿನ ವರ್ಗೀಕರಣ ಮತ್ತು ಮೂರು ಹಂತದ ದೂರು ವ್ಯವಸ್ಥೆ ತಂದವು. ಅದಕ್ಕೆ ತಿಂಗಳ ಹಿಂದಷ್ಟೇ ‘ತಾಂಡವ್’ ಸರಣಿಯ ತಯಾರಕರು ದೂರು, ಮೊಕದ್ದಮೆಗಳ ಒತ್ತಡದಲ್ಲಿ ಕ್ಷಮೆ ಕೇಳಿ ದೃಶ್ಯಗಳನ್ನು ಕತ್ತರಿಸಿದ್ದರು. ‘ತಮಸ್’ ಕಾಲದಲ್ಲಿ ಪೂರ್ತಿ ನೋಡಿ ತೀರ್ಮಾನಿಸಿದ ನ್ಯಾಯಾಧೀಶರನ್ನು ಇಲ್ಲಿ ನೆನೆಯಬೇಕು. ನೋಡುವುದು ಈಗ ಒಬ್ಬೊಬ್ಬರ ಅಂಗೈಯ ಫೋನಿಗೂ ಬಂದಿದೆ. ಊರೇ ಒಂದು ಪೆಟ್ಟಿಗೆಯ ಮುಂದೆ ಕೂರುತ್ತಿದ್ದ ಕಾಲದಿಂದ ಒಬ್ಬೊಬ್ಬರಿಗೂ ಒಂದೊಂದು ತೆರೆ ಇರುವ ಕಾಲಕ್ಕೆ ಬಂದಿದ್ದೇವೆ. ತಮಗೆ ಬೇಕಾದ್ದನ್ನು ನೋಡುವ ಸ್ವಾತಂತ್ರ್ಯ ಇದರಿಂದ ಹೆಚ್ಚಿದೆ. ಇನ್ನೊಬ್ಬರ ಬದುಕು ಅಕಸ್ಮಾತ್ತಾಗಿ ಕಣ್ಣಿಗೆ ಬೀಳುವ ಅವಕಾಶ ಕಡಿಮೆಯಾಗಿದೆ.

ಜಲಂಧರ್‌ನಲ್ಲಿ ಪೊರಕೆ ಕೆಳಗಿಟ್ಟವರೂ, ನಮ್ಮ ಹಳ್ಳಿಗಳಲ್ಲಿ ಫ್ಲೆಕ್ಸ್ ಕಟ್ಟಿದವರೂ ಕೇಳಿದ್ದು ಒಂದನ್ನೇ: ಎಲ್ಲರೂ ನೋಡುವ ಕನ್ನಡಿಯಲ್ಲಿ ನಮ್ಮ ಮುಖವೂ ಕಾಣಲಿ. ಒಂದು ಧಾರಾವಾಹಿ ಒಳ್ಳೆಯದೋ ಕೆಟ್ಟದೋ ಎಂದು ಚರ್ಚಿಸುವಾಗ ಅದು ಯಾರಿಗಾಗಿ, ಯಾರ ಹಣದಲ್ಲಿ, ಯಾರ ಭಯದಲ್ಲಿ ತಯಾರಾಯಿತು ಎಂದೂ ಕೇಳಿಕೊಂಡರೆ, ತೆರೆಯ ಮೇಲೆ ಕಾಣುವವರಷ್ಟೇ ಅಲ್ಲದೆ ಕಾಣದೆ ಉಳಿದವರೂ ನಮ್ಮ ಗಮನಕ್ಕೆ ಬಂದಾರು.